ಅಯ್ಯಾವೊಳೆಯ ಐನೂರ್ವರೂ ವೀರಬಣಂಜುಧರ್ಮದ ಪ್ರಸಾರವೂ

ಕನ್ನಡನಾಡಿನ ಪ್ರಾಚೀನ ಶಾಸನಗಳಲ್ಲಿ ಅರಸರ ವಂಶಾವಳಿಗಳೂ ದಂಡನಾಯಕರ ವಿಜಯಗಳೂ ಹೇಗೆ ವರ್ಣಿತವಾಗಿರುವುವೋ ಹಾಗೆಯೇ ಒಂದು ವ್ಯಾಪಾರಿಸಂಘದ ಮಹಿಮೆಯೂ ಸವಿಸ್ತರವಾಗಿ ವರ್ಣಿತವಾಗಿರುವುದು. ಆ ಸಂಘವೇ ಅಯ್ಯಾವೊಳೆಯ ಐನೂರ್ವರು. ಅದಕ್ಕೆ ರಾಜ್ಯವಿರಲಿಲ್ಲ, ರಾಜವಂಶವಿರಲಿಲ್ಲ, ಆಜ್ಞೆಯನ್ನು ಮೀರಿದವರನ್ನು ದೇಶದಿಂದ ಹೊರಡಿಸುವ ಸಿಂಹಾಸನವೂ ಇರಲಿಲ್ಲ. ಆದರೂ ಬಾದಾಮಿಯ ಚಾಳುಕ್ಯರ ಕಾಲದ ಬಳಿಕ ಅನೇಕ ಶತಮಾನಗಳವರೆಗೆ ಕೃಷ್ಣಾತೀರದಿಂದ ಸಿಂಹಳದವರೆಗೂ, ಅಲ್ಲಿಂದ ಸುಮಾತ್ರಾದ್ವೀಪದವರೆಗೂ ಅದರ ಹೆಸರು ನಡೆಯಿತು. ಸರಕನ್ನು ದೂರ ಸಾಗಿಸುವುದಕ್ಕೆ ಎತ್ತು, ಕತ್ತೆ, ಹಡಗುಗಳು ಸಾಕು. ಒಂದು ನಡೆವಳಿಕೆಯ ಕಟ್ಟಳೆಯನ್ನು, ಒಂದು ನಂಬುಗೆಯನ್ನು ಅಷ್ಟು ದೂರ ಸಾಗಿಸುವುದಕ್ಕಾದರೋ ಅದನ್ನು ತಮ್ಮದೆಂದು ಹೊತ್ತು ನಡೆಸುವ ಜನರು ಊರೂರಿನಲ್ಲಿಯೂ ಇರಬೇಕು. ಆ ಜನರನ್ನು ಐನೂರ್ವರು ಹೇಗೆ ಸಂಪಾದಿಸಿಕೊಂಡರು ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಮೊದಲು ಹೆಸರಿನ ವಿಚಾರ. ಅಯ್ಯಾವೊಳೆಯೆಂದರೆ ಮಲಪ್ರಭಾನದಿಯ ದಡದಲ್ಲಿ, ಈಗಿನ ಬಾಗಲಕೋಟೆ ಜಿಲ್ಲೆಯಲ್ಲಿರುವ ಐಹೊಳೆ. ಸಂಸ್ಕೃತದಲ್ಲಿ ಇದನ್ನು ಆರ್ಯಪುರವೆಂದು ಕರೆದಿರುವರು. ಕ್ರಿ. ಶ. 634ರ ರವಿಕೀರ್ತಿಯ ಪ್ರಶಸ್ತಿಯಿಂದ ಈ ಊರು ವಿದ್ವಾಂಸರೆಲ್ಲರಿಗೂ ಪರಿಚಿತವಾದುದು. ಇಲ್ಲಿಯ ಲಾಡಖಾನ ದೇವಾಲಯದ ಶಾಸನವೊಂದು ಸುಮಾರು 8ನೆಯ ಶತಮಾನದ್ದು. ಅದರಲ್ಲಿ ಊರಿನ ವಿದ್ಯಾವಂತರಾದ ಮಹಾಜನರ ಐನೂರು ಮಂದಿಯ ಸಮುದಾಯವು ಉಕ್ತವಾಗಿರುವುದು. ವ್ಯಾಪಾರಿಗಳಾದ ಐನೂರ್ವರು ಈ ಮಹಾಜನಸಮುದಾಯದಿಂದಲೇ ಹೊರಟವರೆಂದು ಕೆಲವರು ಊಹಿಸಿರುವರು. ಈ ಊಹೆಯನ್ನು ಸಿದ್ಧಾಂತವೆಂದು ಗ್ರಹಿಸುವುದಕ್ಕೆ ಸಾಕಷ್ಟು ಆಧಾರವಿಲ್ಲದಿದ್ದರೂ, ಐನೂರೆಂಬ ಸಂಖ್ಯೆಯು ಆ ಸ್ಥಳದಲ್ಲಿ ಗೌರವಸೂಚಕವಾದ ಸಭಾನಾಮವಾಗಿದ್ದಿತೆಂಬುದು ಸ್ಪಷ್ಟ. ಮುಂದೆ ಸದಸ್ಯರ ಸಂಖ್ಯೆ ಎಷ್ಟಾದರೂ ಹೆಸರು ಐನೂರ್ವರೆಂದೇ ಉಳಿಯಿತು. ಬಣಂಜು ಎಂಬ ಶಬ್ದವು ಸಂಸ್ಕೃತದ ವಣಿಜ, ವಾಣಿಜ್ಯ ಶಬ್ದಗಳ ತದ್ಭವವೆಂಬುದರಲ್ಲಿ ಸಂದೇಹವಿಲ್ಲ. ತಮಿಳಿನಲ್ಲಿ ಇವರು ವಳಂಜಿಯರ್ ಆದರು, ತೆಲುಗಿನಲ್ಲಿ ಬಲಂಜರಾದರು.

ಐನೂರ್ವರ ಸ್ವರೂಪವನ್ನು ಕುರಿತು ವಿದ್ವಾಂಸರಲ್ಲಿ ಎರಡು ಪಕ್ಷಗಳಿರುವುವು. ಇದು ಒಂದೇ ಆಡಳಿತಕ್ಕೊಳಪಟ್ಟ ಮಹಾಸಂಸ್ಥೆ. ಅಯ್ಯಾವೊಳೆಯಲ್ಲಿ ಮೂಲಸ್ಥಾನ, ಇತರ ಪಟ್ಟಣಗಳಲ್ಲಿ ಶಾಖೆಗಳು ಎಂಬುದು ಒಂದು ಪಕ್ಷ. ಹದಿನೆಂಟು ಪಟ್ಟಣ, ಮೂವತ್ತೆರಡು ವೇಳಾಪುರ, ಅರುವತ್ತನಾಲ್ಕು ಘಟಿಕಾಸ್ಥಾನಗಳೆಂದು ಶಾಸನಗಳಲ್ಲಿ ಬರುವ ಗಣನೆಯು ಈ ಪಕ್ಷಕ್ಕೆ ಆಧಾರ. ಆಯಾ ಊರಿನ ವರ್ತಕರ ಸಭೆಗಳು ಸ್ವತಂತ್ರವಾಗಿಯೇ ಇದ್ದು ಸಮಾನವಾದ ಒಂದು ಧರ್ಮದಿಂದ ಮಾತ್ರ ಒಂದಾಗಿದ್ದುವೆಂಬುದು ಎರಡನೆಯ ಪಕ್ಷ. 1988ರಲ್ಲಿ ಮೀರಾ ಅಬ್ರಹಾಂ ಅವರೂ, 2002ರಲ್ಲಿ ನೊಬೊರು ಕರಾಶಿಮಾ ಮೊದಲಾದವರೂ ಪ್ರಕಟಿಸಿದ ಗ್ರಂಥಗಳಲ್ಲಿ ಕನ್ನಡ, ತಮಿಳು ಶಾಸನಗಳೂ ಸಮುದ್ರಾಂತರದ ಶಾಸನಗಳೂ ಒಟ್ಟಾಗಿ ಪರಿಶೀಲಿತವಾದ ಮೇಲೆ ಈ ಎರಡನೆಯ ಪಕ್ಷಕ್ಕೆ ಹೆಚ್ಚಿನ ಬಲವೊದಗಿರುವುದು. ಅಯ್ಯಾವೊಳೆಯಿಂದ ದೂರದ ಪಟ್ಟಣಗಳಿಗೆ ಹೋದ ಆಜ್ಞಾಪತ್ರವಾವುದೂ ದೊರೆತಿಲ್ಲ. ಹದಿನೆಂಟು, ಮೂವತ್ತೆರಡು, ಅರುವತ್ತನಾಲ್ಕು ಎಂಬ ಸಂಖ್ಯೆಗಳು ಲೆಕ್ಕದ ಪುಸ್ತಕದಿಂದ ಬಂದವುಗಳಲ್ಲ, ಸಂಪ್ರದಾಯದಿಂದ ಬಂದವುಗಳು. ಹೀಗಿರಲು, ಒಡೆಯನಿಲ್ಲದ ಒಕ್ಕೂಟವು ಒಡೆಯದೆ ನಿಂತುದು ಹೇಗೆ ಎಂಬ ಪ್ರಶ್ನೆಯು ಮತ್ತಷ್ಟು ಗಹನವಾಗುವುದು.

ಇದಕ್ಕೆ ಉತ್ತರದ ಮೊದಲ ಭಾಗವು ಸಮಯವೆಂಬ ಶಬ್ದದಲ್ಲಿರುವುದು. ಶಾಸನಗಳು ಐನೂರ್ವರ ಕಟ್ಟನ್ನು ಅನೇಕ ಕಡೆಗಳಲ್ಲಿ ಸಮಯವೆಂದು ಕರೆದಿರುವುವು. ಧರ್ಮಶಾಸ್ತ್ರದಲ್ಲಿ ಸಮಯವೆಂದರೆ ಕೂಡಿ ಬಾಳುವವರು ತಮ್ಮೊಳಗೆ ತಾವೇ ಮಾಡಿಕೊಂಡ ಒಡಂಬಡಿಕೆ. ಇದನ್ನು ಮೀರುವುದನ್ನು ನಾರದನೂ ಯಾಜ್ಞವಲ್ಕ್ಯನೂ ಪ್ರತ್ಯೇಕವಾದ ವ್ಯವಹಾರಪದವನ್ನಾಗಿ ಎಣಿಸಿರುವರು. ಸಮೂಹದ ದ್ರವ್ಯವನ್ನು ಅಪಹರಿಸುವವನೂ ಸಂವಿದವನ್ನು ಉಲ್ಲಂಘಿಸುವವನೂ ದಂಡನೀಯರು. ಸಮೂಹದ ಹಿತವನ್ನು ಹೇಳುವವರ ಮಾತನ್ನು ಎಲ್ಲರೂ ನಡೆಸತಕ್ಕುದು. ಸಮೂಹದ ಕಾರ್ಯಚಿಂತಕರು ಧರ್ಮಜ್ಞರೂ ಶುಚಿಗಳೂ ಲೋಭವಿಲ್ಲದವರೂ ಆಗಿರತಕ್ಕುದು ಎಂಬುದು ಯಾಜ್ಞವಲ್ಕ್ಯಸ್ಮೃತಿಯ ಅಭಿಪ್ರಾಯ. ಶ್ರೇಣಿ, ನೈಗಮ, ಪಾಷಂಡಿ, ಗಣ ಇವುಗಳಿಗೂ ಇದೇ ವಿಧಿಯೆಂದೂ, ಅವುಗಳ ಭೇದವನ್ನು ರಾಜನು ರಕ್ಷಿಸತಕ್ಕುದೆಂದೂ ಆ ಸ್ಮೃತಿಯು ವಿಧಿಸಿರುವುದು. ಇದಕ್ಕೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು. ಐನೂರ್ವರ ಅಭ್ಯುದಯವೂ ಆ ಕಾಲದ್ದೇ, ಆ ನಾಡಿನದೇ. ಆದಕಾರಣ ವರ್ತಕರ ಒಡಂಬಡಿಕೆಯನ್ನು ರಾಜಶಾಸನದ ಪಕ್ಕದಲ್ಲಿ ನಿಲ್ಲುವ ಧರ್ಮವೆಂದು ಎಣಿಸುವುದು ಆಗಿನ ಜನರಿಗೆ ಹೊಸ ಮಾತಾಗಿರಲಿಲ್ಲ. ಐನೂರ್ವರು ತಮ್ಮ ಸಮಯಕ್ಕೆ ವೀರಬಣಂಜುಧರ್ಮವೆಂದು ಹೆಸರಿಟ್ಟುದೂ ಇದೇ ಭಾವದಿಂದ.

ಈ ಧರ್ಮವನ್ನು ಜನರ ಮುಂದಿಟ್ಟುದು ಪ್ರಶಸ್ತಿ. ಬಳ್ಳಿಗಾವೆಯಲ್ಲಿ ದೊರೆತಿರುವ 11ನೆಯ ಶತಮಾನದ ನಡುಭಾಗದ ಶಾಸನವು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಶಿಕಾರಿಪುರ ತಾಲ್ಲೂಕಿನ ಶಾಸನಗಳೊಡನೆ ರೈಸ್ ಅವರು ಇದನ್ನು ಪ್ರಕಟಿಸಿರುವರು. ಐನೂರು ವೀರಶಾಸನಗಳನ್ನು ಪಡೆದವರೆಂದೂ, ಗುಡ್ಡಧ್ವಜವುಳ್ಳವರೆಂದೂ, ವಾಸುದೇವ, ಖಂಡಳಿ, ಮೂಲಭದ್ರ ಎಂಬವರ ವಂಶದಲ್ಲಿ ಹುಟ್ಟಿದವರೆಂದೂ ಇಲ್ಲಿ ಅವರನ್ನು ಹೊಗಳಿರುವುದು. ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ಸೌರಾಷ್ಟ್ರ, ಕಾಂಭೋಜ, ಪಾರಸ, ನೇಪಾಳ ಮೊದಲಾದ ದೇಶಗಳನ್ನು ನೆಲದ ದಾರಿಯಿಂದಲೂ ನೀರಿನ ದಾರಿಯಿಂದಲೂ ಹೊಕ್ಕವರೆಂದು ಹೇಳಿರುವುದು. ಆನೆ, ಕುದುರೆ, ನೀಲ, ಮುತ್ತು, ಮಾಣಿಕ, ವಜ್ರ, ಹವಳಗಳನ್ನೂ ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕುಂಕುಮಗಳನ್ನೂ ಮಾರುವವರೆಂದು ಎಣಿಸಿ, ಒಟ್ಟಾಗಿ ಮಾರುವವರ ಜೊತೆಗೆ ಹೆಗಲ ಮೇಲೆ ಹೊತ್ತು ತಿರುಗಿ ಮಾರುವವರನ್ನೂ ಸೇರಿಸಿರುವುದು. ವರುಣನು ಇವರ ಧ್ವಜವನ್ನು ಹಿಡಿದವನು, ಕುಬೇರನು ಇವರ ಭಂಡಾರಿ ಎಂಬ ಅತಿಶಯೋಕ್ತಿಗಳೂ ಉಂಟು.

ಈ ಪ್ರಶಸ್ತಿಯನ್ನು ಭೂಗೋಳದ ಪಟ್ಟಿಯೆಂದು ಓದಿದವರು ನಿರಾಶರಾಗುವರು. ಏಕೆಂದರೆ ಏಕಪಾದ, ಲಂಬಕರ್ಣ, ಸ್ತ್ರೀರಾಜ್ಯಗಳೂ ಅದರಲ್ಲಿ ಸೇರಿರುವುವು. ಕೇವಲ ಆತ್ಮಸ್ತುತಿಯೆಂದು ಓದಿದವರಿಗೂ ಅದರ ಪ್ರಯೋಜನವು ಗೋಚರವಾಗದು. ಇದು ಒಂದು ಊರಿನಲ್ಲಿ ಒಮ್ಮೆ ಹುಟ್ಟಿ ಅಲ್ಲಿಯೇ ನಿಂತ ಕಾವ್ಯವಲ್ಲ. ಸತ್ಯ, ಶೌಚ, ಆಚಾರ, ನಯ, ವಿನಯಗಳಿಂದ ಕೂಡಿದ ವೀರಬಣಂಜುಧರ್ಮವನ್ನು ಪಾಲಿಸುವವರು ಎಂಬ ವಿಶೇಷಣಗಳು ಅಲ್ಪಸ್ವಲ್ಪ ವ್ಯತ್ಯಾಸದಿಂದ ಅನೇಕ ಊರುಗಳ ಶಾಸನಗಳಲ್ಲಿ ಪುನರುಕ್ತವಾಗಿರುವುವು. ಎಂದೂ ಕಾಣದ ಊರಿಗೆ ಬಂದ ವರ್ತಕನು ದೇವಾಲಯದ ಅಂಗಳದಲ್ಲಿ ಅದೇ ಪ್ರಶಸ್ತಿಯನ್ನು ಕಂಡಾಗ, ಇಲ್ಲಿ ತನ್ನವರಿರುವರೆಂದು ಅರಿಯಬಹುದಾಗಿದ್ದಿತು. ಊರಿನವರೂ ಬಂದವನನ್ನು ಆ ಮಾತುಗಳಿಂದಲೇ ಅಳೆಯಬಹುದಾಗಿದ್ದಿತು. ಸತ್ಯಶೌಚಗಳನ್ನು ಕಲ್ಲಿನ ಮೇಲೆ ಬರೆಯಿಸಿಕೊಂಡವನು ತೂಕದಲ್ಲಿ ಮೋಸ ಮಾಡಿದರೆ ಆ ಕಲ್ಲೇ ಅವನ ಮೇಲೆ ಸಾಕ್ಷಿ. ಹೀಗೆ ಹೊಗಳಿಕೆಯು ಹೊಣೆಯೂ ಆಯಿತು. ತಲೆಯ ಮೇಲೆ ಹೊತ್ತು ಮಾರುವವನಿಗೂ ರತ್ನದ ವ್ಯಾಪಾರಿಗೂ ಒಂದೇ ಬಿರುದುಗಳು ಸಲ್ಲುತ್ತಿದ್ದುದರಿಂದ, ಬಡವನಿಗೂ ಅದನ್ನು ಉಳಿಸಿಕೊಳ್ಳುವುದರಲ್ಲಿ ಆಸ್ಥೆಯುಂಟಾಯಿತು.

ಉತ್ತರದ ಎರಡನೆಯ ಭಾಗವು ಈ ಶಾಸನಗಳು ಹುಟ್ಟಿದ ಸಂದರ್ಭದಲ್ಲಿರುವುದು. ಬಹುಪಾಲು ಶಾಸನಗಳು ದಾನಶಾಸನಗಳು. ದಾನವೆಂದರೆ ಒಬ್ಬ ಶ್ರೀಮಂತನು ಕೊಟ್ಟ ಭೂಮಿಯಲ್ಲ. ಎಲ್ಲರೂ ಕೂಡಿ ತಮ್ಮ ಮೇಲೆ ತಾವೇ ಹಾಕಿಕೊಂಡ ಸುಂಕ. ಹೇರಿಗೆ ಇಷ್ಟು ಎಲೆ, ಅಂಗಡಿಗೆ ಇಷ್ಟು ಅಡಿಕೆ, ಗಾಣಕ್ಕೆ ಒಂದು ಸೊಲ್ಲಗೆ ಎಣ್ಣೆ ಎಂಬ ರೀತಿಯಲ್ಲಿ ಅದನ್ನು ಗೊತ್ತುಮಾಡುತ್ತಿದ್ದರು. ಕೊಲ್ಲಾಪುರದಲ್ಲಿ ನಿಂಬದೇವಸಾಮಂತನು ಕಟ್ಟಿಸಿದ ಬಸದಿಗೆ ಸಂಬಂಧಪಟ್ಟ ಶಕ 1058ರ ಶಾಸನದಲ್ಲಿ, ಕೊಲ್ಲಾಪುರ, ಮಿರಜೆ, ಕೂಂಡಿ ಮೊದಲಾದ ಕಡೆಗಳ ವರ್ತಕರು ನೆರೆದು ಈ ಬಗೆಯ ದಾನವನ್ನು ಕೊಟ್ಟುದು ಉಕ್ತವಾಗಿರುವುದು. ಶಕ 1127ರಲ್ಲಿ, ಎಂದರೆ 1204ರ ಸುಮಾರಿಗೆ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ ಬೆಳಗಾವಿಯ ಶಾಸನದಲ್ಲಿ ಬಸದಿಯೊಂದಕ್ಕೆ ದಾನಮಾಡುವುದಕ್ಕಾಗಿ ಸ್ಥಳೀಯರಾದ ವರ್ತಕರೊಡನೆ ಲಾಳದೇಶದವರೂ ಮಲೆಯಾಳದವರೂ ನೆರೆದಿರುವರು. ಅಕ್ಕಸಾಲೆಗಳು, ಬಟ್ಟೆಯ ವ್ಯಾಪಾರಿಗಳು, ಎಣ್ಣೆಯವರು ಎಲ್ಲರೂ ಆ ಸಭೆಯಲ್ಲಿ ಸೇರಿರುವರು.

ಈ ಸಭೆಗಳ ಪರಿಣಾಮವನ್ನು ಪರ್ಯಾಲೋಚಿಸಬೇಕು. ಪರದೇಶದಿಂದ ಬಂದ ವರ್ತಕನು ಸಾಮಾನ್ಯವಾಗಿ ಊರಿನವನಿಗೆ ಪ್ರತಿಸ್ಪರ್ಧಿ. ಊರಿನ ಗಾಣಿಗನಿಗೂ ನೇಯ್ಗೆಯವನಿಗೂ ಅವನು ಅಪರಿಚಿತ. ದೇವರ ಮುಂದೆ ಒಟ್ಟಾಗಿ ಕುಳಿತು, ಇಬ್ಬರೂ ತಮ್ಮ ತಮ್ಮ ಹೇರಿನ ಮೇಲೆ ಸುಂಕವನ್ನು ಒಪ್ಪಿಕೊಂಡ ಬಳಿಕ ಅವರು ಒಂದು ಧರ್ಮದ ಪಾಲುಗಾರರಾದರು. ಆ ಸುಂಕವು ಆಚಂದ್ರಾರ್ಕವಾಗಿ ನಡೆಯತಕ್ಕುದೆಂದು ಬರೆಸಿದ್ದುದರಿಂದ ಪ್ರತಿಯೊಂದು ಸಂತೆಯಲ್ಲಿಯೂ ಅದರ ನೆನಪು ಹೊಸದಾಗುತ್ತಿದ್ದಿತು. ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವೆಂಬ ಶಾಪವೂ ಎಲ್ಲರಿಗೂ ಸಮಾನ. ಐನೂರ್ವರು ತಮ್ಮ ಧರ್ಮವನ್ನು ಜನರಿಗೆ ಉಪದೇಶಿಸಿ ಹರಡಿದರೆಂದು ಹೇಳುವುದಕ್ಕಿಂತಲೂ, ಜನರನ್ನು ಅದರ ದಾನಿಗಳನ್ನಾಗಿ ಮಾಡಿಕೊಂಡು ಹರಡಿದರೆಂದು ಹೇಳುವುದು ಯುಕ್ತ. ತಾನು ಕೊಟ್ಟುದನ್ನು ಮನುಷ್ಯನು ಮರೆಯುವುದಿಲ್ಲ.

ದಾನವು ಯಾವ ದೇವರಿಗೆ ಎಂಬುದನ್ನೂ ಗಮನಿಸತಕ್ಕುದು. ಕೊಲ್ಲಾಪುರ, ಬೆಳಗಾವಿಗಳಲ್ಲಿ ಅದು ಜಿನನಿಗೆ. ಚಾಳುಕ್ಯ ವಿಕ್ರಮವರ್ಷದ ಇಪ್ಪತ್ತನೆಯ ವರ್ಷದಲ್ಲಿ, ಎಂದರೆ 1095ರ ಸುಮಾರಿಗೆ, ಧರ್ಮವೊಳಲೆಂಬ ಈಗಿನ ಡಂಬಳದ ಶಾಸನದಲ್ಲಿ ಹದಿನಾರು ಮಂದಿ ಸೆಟ್ಟಿಗಳು ಬುದ್ಧವಿಹಾರವನ್ನು ಕಟ್ಟಿಸಿದುದೂ, ಲೊಕ್ಕಿಗುಂಡಿಯ ಸೆಟ್ಟಿಯೊಬ್ಬನು ತಾರಾದೇವಿಯ ವಿಹಾರವನ್ನು ಕಟ್ಟಿಸಿದುದೂ ಉಕ್ತವಾಗಿರುವುದು. ಬಳ್ಳಿಗಾವೆಯಲ್ಲಿ ಹರ, ಹರಿ, ಬ್ರಹ್ಮ, ಜಿನ, ಬುದ್ಧರ ಸ್ಥಾನಗಳು ಒಂದೇ ಪಟ್ಟಣದಲ್ಲಿದ್ದುವು. ಅಲ್ಲಿಯ ಕೋಡಿಯಮಠವು ವ್ಯಾಕರಣಾದಿ ಶಾಸ್ತ್ರಗಳ ವ್ಯಾಖ್ಯಾನಸ್ಥಾನವೂ ದೀನಾನಾಥರಿಗೆ ಅನ್ನಸ್ಥಾನವೂ ಆಗಿದ್ದಿತೆಂದು 1162ರ ಶಾಸನದಿಂದ ತಿಳಿದುಬರುವುದು. ವರ್ತಕಸಮುದಾಯವು ತನ್ನ ಸಮಯವನ್ನು ಒಂದು ಮತಕ್ಕೆ ಕಟ್ಟಿಹಾಕಿದ್ದರೆ ಇತರ ಮತದವರ ಊರಿನಲ್ಲಿ ಅದಕ್ಕೆ ಬಾಗಿಲು ಮುಚ್ಚುತ್ತಿದ್ದಿತು. ಊರಿನವರು ಯಾವುದನ್ನು ಪೂಜಿಸುತ್ತಿದ್ದರೋ ಅದರ ಮುಂದೆಯೇ ಒಡಂಬಡಿಕೆ ನಡೆದುದರಿಂದ, ಅದು ಊರಿನ ಒಡಂಬಡಿಕೆಯಾಯಿತು.

ಭಾಷೆಯ ವಿಷಯದಲ್ಲಿಯೂ ಇದೇ ನ್ಯಾಯವು ಕಾಣಬರುವುದು. ಸಂಘದ ಹೆಸರು ಕನ್ನಡನಾಡಿನ ಊರಿನದಾದರೂ ಕನ್ನಡವನ್ನೇ ಎಲ್ಲೆಡೆಯೂ ಬಳಸಬೇಕೆಂಬ ನಿರ್ಬಂಧವಿರಲಿಲ್ಲ. ತಮಿಳರು ಅಯ್ಯಾವೊಳೆಯನ್ನು ಐಯ್ಯಪೊಳಿಲ್ ಎಂದರು. ಆ ಭಾಷೆಯಲ್ಲಿ ಪೊಳಿಲ್ ಎಂದರೆ ತೋಪು. ಮಲಪ್ರಭೆಯ ದಡದ ಊರನ್ನು ಎಂದೂ ಕಾಣದ ತಮಿಳು ವರ್ತಕನಿಗೆ ಆ ಹೆಸರು ತನ್ನ ನುಡಿಯ ಹೆಸರಾಗಿಯೇ ಕೇಳಿಸಿತು. ಊರಿನ ಹೆಸರು ದೇವತೆಗೂ ಸಂದಿತು. ಅವರು ತಮ್ಮನ್ನು ಐಯ್ಯಪೊಳಿಲ್ ಪರಮೇಶ್ವರಿಯ ಮಕ್ಕಳೆಂದು ಕರೆದುಕೊಂಡರು. ಅಲ್ಲಿಯ ಒಕ್ಕಲಿಗರ ದೊಡ್ಡ ಸಂಘಟನೆಯಾದ ಚಿತ್ರಮೇಳಿ ಪೆರಿಯನಾಡು ಇವರೊಡನೆ ಕೂಡಿ ದಾನಗಳನ್ನು ಮಾಡಿತು. ಮೇಳಿಯೆಂದರೆ ನೇಗಿಲು. ನೇಗಿಲಿನವರೂ ತಕ್ಕಡಿಯವರೂ ಒಂದೇ ಕಲ್ಲಿನ ಮೇಲೆ ಹೆಸರನ್ನು ಕೆತ್ತಿಸಿದುದು ಸಾಮಾನ್ಯವಾದ ವಿಷಯವಲ್ಲ. ಬೆಳೆಯುವವನು ಒಡಂಬಡದಿದ್ದರೆ ಕೊಳ್ಳುವವನ ಧರ್ಮವು ಸಂತೆಯ ಎಲ್ಲೆಯನ್ನು ದಾಟುವುದಿಲ್ಲ.

ಸಮುದ್ರದಾಚೆಯ ಸಾಕ್ಷ್ಯವೂ ಇದನ್ನೇ ಹೇಳುವುದು. ಸುಮಾತ್ರಾದ್ವೀಪದಲ್ಲಿ ಕರ್ಪೂರಕ್ಕೆ ಹೆಸರಾದ ಬಾರೂಸಿನ ಹತ್ತಿರ ಲೋಬು ತುವಾ ಎಂಬಲ್ಲಿ ಶಕ 1010ರ, ಎಂದರೆ 1088ರ, ತಮಿಳು ಶಾಸನವು ದೊರೆತಿರುವುದು. ನೀಲಕಂಠಶಾಸ್ತ್ರಿಗಳು 1932ರಲ್ಲಿ ಇದನ್ನು ಕುರಿತು ಬರೆದರು. ಸಾವಿರ ದಿಕ್ಕುಗಳ ಐನೂರ್ವರು ಅಲ್ಲಿ ಸಭೆ ಸೇರಿ, ಹಡಗಿನ ನಾಯಕರೇ ಮೊದಲಾದವರು ಕಸ್ತೂರಿಯ ಬೆಲೆಯನ್ನನುಸರಿಸಿ ಹೊನ್ನಿನ ರೂಪದಲ್ಲಿ ಸುಂಕವನ್ನು ಕೊಟ್ಟ ಬಳಿಕವೇ ಪಟ್ಟಣವನ್ನು ಪ್ರವೇಶಿಸತಕ್ಕುದೆಂದು ಕಟ್ಟುಮಾಡಿದರು. ಬೆಳಗಾವಿಯ ಹೇರಿಗೂ ಬಾರೂಸಿನ ಹಡಗಿಗೂ ನಡುವೆ ಎಷ್ಟೇ ದೂರವಿದ್ದರೂ ರೀತಿಯು ಒಂದೇ. ಬರ್ಮಾದೇಶದ ಪಗಾನಿನಲ್ಲಿ 13ನೆಯ ಶತಮಾನದ ಶಾಸನವೊಂದು ನಾನಾದೇಶಿಗಳ ವಿಷ್ಣುಗೃಹವನ್ನು ಹೇಳುವುದು. ಅಲ್ಲಿ ಮಂಟಪವನ್ನು ಕಟ್ಟಿಸಿ ದೀಪವನ್ನಿಟ್ಟವನು ಕೇರಳದ ಮಹೋದಯಪಟ್ಟಣದವನು. ಬೌದ್ಧರ ರಾಜಧಾನಿಯಲ್ಲಿ, ತಮಿಳು ನುಡಿಯಲ್ಲಿ, ಕೇರಳದವನ ದಾನದಿಂದ, ನಾನಾದೇಶಿಗಳೆಂಬ ಹೆಸರಿನ ದೇವಾಲಯವು ನಡೆದುದೆಂದರೆ, ಆ ಹೆಸರು ಯಾವ ಒಂದು ನಾಡಿನ ಸ್ವತ್ತೂ ಆಗಿ ಉಳಿದಿರಲಿಲ್ಲವೆಂದೇ ಅರ್ಥ.

ಐನೂರ್ವರ ಚರಿತ್ರೆಯಲ್ಲಿ ಸೌಮ್ಯವಾದ ಭಾಗ ಮಾತ್ರವೇ ಇದ್ದಿತೆಂದು ಭಾವಿಸಲಾಗದು. ಅವರು ತಮ್ಮನ್ನು ವೀರರೆಂದು ಕರೆದುಕೊಂಡುದು ಅಲಂಕಾರಕ್ಕಲ್ಲ. ಕಾಡುದಾರಿಗಳಲ್ಲಿ ಸರಕನ್ನು ಕಾಯುವ ಆಯುಧಪಾಣಿಗಳು ಅವರೊಡನಿದ್ದರು. ಬಳ್ಳಿಗಾವೆಯ ಪ್ರಶಸ್ತಿಯೂ ಆನೆಯಂತೆ, ಹಾವಿನಂತೆ, ಸಿಂಹದಂತೆ ಶತ್ರುಗಳನ್ನು ಕೊಲ್ಲುವವರೆಂದು ಅವರನ್ನು ಹೊಗಳುವುದು. ತಮಿಳುನಾಡಿನ ಕಾಟ್ಟೂರು, ಆಂಧ್ರದ ಬಾಸಿನಿಕೊಂಡ ಮೊದಲಾದ ಕಡೆಗಳಲ್ಲಿ ಕೆಲವು ಊರುಗಳನ್ನು ವೀರಪಟ್ಟಣಗಳೆಂದು ಸಂಘವು ಸಾರಿತು. ಕಾಟ್ಟೂರಿನ ಶಾಸನದಲ್ಲಿ, ಕತ್ತಿಯನ್ನು ಹಿರಿದು ಸುಂಕ ಕೇಳುವವರಿಗೂ ಜನರನ್ನು ಸೆರೆಹಿಡಿಯುವವರಿಗೂ ಊರಿನಲ್ಲಿ ಎಡೆಯಿಲ್ಲವೆಂಬ ಕಟ್ಟಳೆಯಿರುವುದು. ಸಿಂಹಳದ ಪೊಲನ್ನರುವೆಯಲ್ಲಿ 12ನೆಯ ಶತಮಾನದಲ್ಲಿ ಬುದ್ಧನ ದಂತಧಾತುವಿನ ಆಲಯವನ್ನು ತಮ್ಮ ರಕ್ಷಣೆಗೆ ಒಳಪಡಿಸಿಕೊಂಡ ವೇಳೈಕ್ಕಾರ ಪಡೆಯವರು, ವಳಂಜಿಯರನ್ನು ತಮ್ಮ ಹಿರಿಯರೆಂದು ಕರೆದು ಸಭೆಗೆ ಬರಮಾಡಿಕೊಂಡರು. ಆಯುಧವನ್ನು ಹಿಡಿದವರು ತಕ್ಕಡಿಯನ್ನು ಹಿಡಿದವರನ್ನು ಹಿರಿಯರೆಂದುದು ಭಯದಿಂದಲ್ಲ, ಸಮಯದ ಗೌರವದಿಂದ. ಆದರೂ ಈ ಸಮಯದ ಒಳಗಿದ್ದವರಿಗೆ ದೊರೆತ ರಕ್ಷಣೆಯು ಹೊರಗಿದ್ದವರಿಗೆ ದೊರೆಯುತ್ತಿರಲಿಲ್ಲವೆಂಬುದನ್ನು ಮರೆಯಲಾಗದು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ದಾನ, ಧರ್ಮಗಳೆಲ್ಲ ಲಾಭದ ಉಪಾಯಗಳಲ್ಲವೇ, ಅವುಗಳಿಗೆ ಇಷ್ಟು ಗೌರವವೇಕೆ ಎಂದು ಕೇಳಬಹುದು. ಲಾಭದ ಅಪೇಕ್ಷೆಯಿದ್ದಿತೆಂಬುದನ್ನು ಶಾಸನಗಳೇ ಮರೆಮಾಡಿಲ್ಲ. ಸುಂಕದಿಂದಾಗುವ ನಷ್ಟವನ್ನು ತಪ್ಪಿಸಿಕೊಳ್ಳುವವರೆಂದು ಬಳ್ಳಿಗಾವೆಯ ಪ್ರಶಸ್ತಿಯು ಅವರನ್ನು ಹೊಗಳಿಯೇ ಇರುವುದು. ಆದರೆ ಲಾಭಕ್ಕಾಗಿ ಮಾತ್ರ ಕೂಡಿದವರ ಕೂಟವು ಲಾಭವು ತಪ್ಪಿದ ದಿನ ಚದುರುವುದು. ಸಂಭೂಯಸಮುತ್ಥಾನವೆಂಬ ಪಾಲುವ್ಯಾಪಾರದ ಪ್ರಕರಣವನ್ನೂ ಸಂವಿದ್ವ್ಯತಿಕ್ರಮದ ಪ್ರಕರಣವನ್ನೂ ಯಾಜ್ಞವಲ್ಕ್ಯನು ಬೇರೆ ಬೇರೆಯಾಗಿ ಇಟ್ಟಿರುವುದು ಇದಕ್ಕಾಗಿಯೇ. ಮೊದಲನೆಯದರಲ್ಲಿ ಹಾಕಿದ ಬಂಡವಾಳಕ್ಕೆ ತಕ್ಕಂತೆ ಲಾಭನಷ್ಟಗಳ ಹಂಚಿಕೆ. ಎರಡನೆಯದರಲ್ಲಿ ಹಂಚಲಾಗದ ಸಾಮೂಹಿಕವಾದ ಧರ್ಮದ ಪಾಲನೆ. ಐನೂರ್ವರದು ಎರಡನೆಯ ಬಗೆಯ ಕೂಟ. ಅದರೊಳಗೆ ಪಾಲುವ್ಯಾಪಾರಗಳು ಎಷ್ಟೋ ಹುಟ್ಟಿ ಅಳಿದಿರಬಹುದು, ಕೂಟವು ಅಳಿಯಲಿಲ್ಲ.

ಅಳಿವಿನ ಕಾಲವೂ ಬಂದಿತು. ಬೇಲೂರಿನ 1382ರ ಶಾಸನದಲ್ಲಿ ವಿಜಯನಗರ, ದೋರಸಮುದ್ರ, ಪೆನುಗೊಂಡೆ, ಆದವಾನಿ, ಮಂಗಳೂರು, ಬಾರಕೂರು, ಹೊನ್ನಾವರ, ಆರಗ, ಅಣ್ಣಿಗೆರೆ ಮೊದಲಾದ ಪಟ್ಟಣಗಳ ವರ್ತಕರು ವಿರೂಪಾಕ್ಷನ ಸನ್ನಿಧಿಯಲ್ಲಿ ನೆರೆದು ಮುದ್ದಯ್ಯ ದಣ್ಣಾಯಕನಿಗೆ ಪೃಥ್ವೀಸೆಟ್ಟಿತನವನ್ನು ಕೊಟ್ಟ ಸಂಗತಿಯು ಬರುವುದು. ನೋಡುವುದಕ್ಕೆ ಇದು ಸಂಘದ ವೈಭವವೇ ಸರಿ. ಆದರೆ ಮುದ್ದಯ್ಯನು ಎರಡನೆಯ ಹರಿಹರರಾಯನ ಮಂತ್ರಿ. ಹಿಂದೆ ಊರೂರಿನ ಸಭೆಗಳು ತಮ್ಮ ಮೇಲೆ ತಾವೇ ಸುಂಕವನ್ನು ಹಾಕಿಕೊಂಡು ಧರ್ಮವನ್ನು ನಡೆಸುತ್ತಿದ್ದುವು; ಈಗ ಪಟ್ಟಣಗಳೆಲ್ಲ ಕೂಡಿ ತಮ್ಮ ಹಿರಿತನವನ್ನು ರಾಜಾಧಿಕಾರಿಯೊಬ್ಬನಿಗೆ ಒಪ್ಪಿಸಿದುವು. ಒಡೆಯನಿಲ್ಲದ ಒಕ್ಕೂಟಕ್ಕೆ ಒಡೆಯನು ದೊರೆತನು. ಆ ಬಳಿಕ ಹಳೆಯ ಬಿರುದುಗಳು ಶಾಸನಗಳಲ್ಲಿ ಉಳಿದು ಬಂದರೂ ಅವುಗಳ ಹಿಂದಿದ್ದ ಸಭೆಗಳ ಸದ್ದು ಕ್ರಮಕ್ರಮವಾಗಿ ಅಡಗಿತು. ಇದೊಂದೇ ಕಾರಣವೆಂದು ಹೇಳಲಾಗದಿದ್ದರೂ ಇದು ಕಾರಣಗಳಲ್ಲೊಂದೆಂದು ಊಹಿಸುವುದಕ್ಕೆ ಅಡ್ಡಿಯಿಲ್ಲ.

ಇದುವರೆಗೆ ವಿಚಾರಿಸಿದುದರಿಂದ ನಿಷ್ಪನ್ನವಾಗುವುದಿಷ್ಟು: ಐನೂರ್ವರು ಒಂದು ಕೇಂದ್ರದ ಆಜ್ಞೆಯಿಂದ ನಡೆದ ಸಂಸ್ಥೆಯಲ್ಲ, ಒಂದು ಸಮಯವನ್ನು ಸ್ವೇಚ್ಛೆಯಿಂದ ಸ್ವೀಕರಿಸಿದ ಅನೇಕ ಸಮುದಾಯಗಳ ಕೂಟ. ಆ ಸಮಯವು ಹರಡಿದುದು ಮೂರು ಸಾಧನಗಳಿಂದ: ಎಲ್ಲ ವರ್ತಕರಿಗೂ ಸಮಾನವಾಗಿ ಸಲ್ಲುವ ಪ್ರಶಸ್ತಿಯಿಂದ, ಎಲ್ಲರೂ ಕೂಡಿ ಹೊರುವ ದಾನದಿಂದ, ಆಯಾ ಊರಿನ ದೇವರನ್ನೂ ನುಡಿಯನ್ನೂ ತಮ್ಮದಾಗಿ ಮಾಡಿಕೊಂಡ ಔದಾರ್ಯದಿಂದ. ಅಯ್ಯಾವೊಳೆಯಲ್ಲಿ ಈಗ ಉಳಿದಿರುವುದು ದೇವಾಲಯಗಳು. ಆ ಊರಿನ ಹೆಸರನ್ನು ದ್ವೀಪಾಂತರದವರೆಗೆ ಒಯ್ದವರ ಮನೆಗಳಾಗಲಿ ಮಳಿಗೆಗಳಾಗಲಿ ಅಲ್ಲಿ ಕಾಣುವುದಿಲ್ಲ. ಅವರ ಮಾತು ಮಾತ್ರ ಇತರರ ಊರುಗಳ ಕಲ್ಲುಗಳ ಮೇಲೆ, ಇತರರ ನುಡಿಗಳಲ್ಲಿ ಉಳಿದಿರುವುದು.